ತೊಳೆದಿಟ್ಟ ಪೆಲೆಟ್ಟು

“ಅಕ್ಕ, ಉಪ್ಪಿಟ್ಟು ಎಷ್ಟು ಜನಕ್ಕೆ ಮಾಡ್ತಿದ್ದೀಯ?”

ಟೆರೇಸಿನ ಬಾಗಿಲಲ್ಲಿ ನಿಂತು ನಿಶಾಂತ್ ಕೇಳಿದ. ಅವನಿಗೆ ಏಳು ವರ್ಷ. ಕೇಳಬಾರದ್ದನ್ನು ಕೇಳಬಾರದ ಹೊತ್ತಿಗೇ ಕೇಳುವುದು ಅವನ ಅಭ್ಯಾಸ.

ನಿಶ್ಚಿತಾ ತಲೆ ಎತ್ತಲಿಲ್ಲ. ಅವಳ ಮುಂದೆ ಹಪ್ಪಳದ ಹಿಟ್ಟು ಕಲಸುವ ದೊಡ್ಡ ಬೇಸಿನ್ ಇತ್ತು. ಸ್ವಲ್ಪ ಹೊತ್ತಿನ ಮುಂಚೆ ಅದರ ತುಂಬ ಪೆಲೆಟ್ಟುಗಳಿದ್ದವು. ಮರದ ಹೊಟ್ಟನ್ನು ಒತ್ತಿ ಮಾಡಿದ್ದು. ಬಳಪದ ಚೂರಿನ ಹಾಗೆ ಗಟ್ಟಿ, ನುಣುಪು. ನೀರು ಸುರಿದ ಕೂಡಲೇ ಅವು ಚಟಚಟ ಎಂದು ಸಣ್ಣಗೆ ಸದ್ದು ಮಾಡಿದವು. ಆಮೇಲೆ ಊದಿಕೊಂಡವು. ಆಮೇಲೆ ಅಡ್ಡಡ್ಡ ಬಿರುಕು ಬಿಟ್ಟವು. ನಿಶ್ಚಿತಾ ನೂರು ಎಣಿಸುವಷ್ಟರಲ್ಲಿ ಬೇಸಿನ್ನಿನಲ್ಲಿ ಪೆಲೆಟ್ಟೇ ಇರಲಿಲ್ಲ. ಕಂದು ಬಣ್ಣದ ಮುದ್ದೆ ಇತ್ತು.

“ಚಿಕ್ಕಪ್ಪಂಗೆ ಹೇಳ್ಬೇಡ ಕಣೋ.”

“ನಾನ್ಯಾಕೆ ಹೇಳ್ಲಿ? ಅವರಿಗೇ ಕಣ್ಣಿದೆ.”

ಅದು ನಿಜವಾಗಿತ್ತು.

ಸಿದ್ದಲಿಂಗಸ್ವಾಮಿ ಚಿಕ್ಕಪ್ಪನಿಗೆ ಹೂಟಗಳ್ಳಿಯ ಒಂದು ಶೆಡ್ಡಿನಲ್ಲಿ ವೆಲ್ಡಿಂಗ್ ಕೆಲಸ. ಮನೆಯೂ ಅಲ್ಲೇ, ಎರಡು ಬೀದಿ ಆಚೆ. ಯಾರೋ ಅಳತೆ ಕೊಡುತ್ತಾರೆ, ಚಿಕ್ಕಪ್ಪ ಗೇಟು ಮಾಡುತ್ತಾರೆ, ಕಿಟಕಿಗೆ ಗ್ರಿಲ್ಲು ಮಾಡುತ್ತಾರೆ. ಗೋಕುಲಂನಲ್ಲಿ ಪ್ರೇಮಲೀಲಾ ಎನ್ನುವವರ ಚಿಕ್ಕ ಹೋಟೆಲಿಗೆ ಪಾತ್ರೆ ಸ್ಟ್ಯಾಂಡು ಮಾಡಿದ್ದೂ ಅವರೇ. ಯೋಗ ಕಲಿಯಲು ಬಂದ ಫಾರಿನ್ನಿನವರು ಆ ಹೋಟೆಲಿಗೆ ಊಟಕ್ಕೆ ಬರುತ್ತಾರೆ. ಅವರಲ್ಲಿ ಒಬ್ಬರು ಮೊಬೈಲಿನಲ್ಲಿ ಫೋಟೋ ತೋರಿಸಿ, ಇಂಥದ್ದರಲ್ಲಿ ಬೇಯಿಸಿದ ಆಲೂಗಡ್ಡೆ, ಪನೀರ್ ಸಿಗುತ್ತದಾ ಎಂದು ಕೇಳಿದರಂತೆ. ಆ ಫೋಟೋ ಪ್ರೇಮಲೀಲಾ ಅವರಿಂದ ಚಿಕ್ಕಪ್ಪನ ಮೊಬೈಲಿಗೆ ಬಂತು. ಪೆಲೆಟ್ ಉರಿಸಿ ಹೊಗೆಯಲ್ಲಿ ಬೇಯಿಸುವ ಒಲೆ, ಪೆಲೆಟ್ ಸ್ಮೋಕರ್ ಅಂತ ಅದರ ಹೆಸರು.

“ಮಾಡಿಕೊಡ್ತೀಯೇನಪ್ಪ?” ಎಂದು ಅವರು ಕೇಳಿದರು. “ನೋಡ್ತೀನಿ” ಅಂದರು ಚಿಕ್ಕಪ್ಪ.

ಆಮೇಲೆ ಆರು ತಿಂಗಳು ಅವರಿಗೆ ಭಾನುವಾರ ಎನ್ನುವುದೇ ಇರಲಿಲ್ಲ. ಟೆರೇಸಿನ ಮೇಲೆ ಡ್ರಮ್ಮು ಕತ್ತರಿಸಿದರು. ಮುಚ್ಚಳ ಕೂರಿಸಿದರು, ಸರಿಹೋಗಲಿಲ್ಲ ಎಂದು ಕಿತ್ತರು, ಮತ್ತೆ ಕೂರಿಸಿದರು. ಪಕ್ಕದಲ್ಲಿ ಪೆಲೆಟ್ ತುಂಬಲು ಒಂದು ಡಬ್ಬ. ಡಬ್ಬದ ಕೆಳಗೆ ಒಂದು ಉದ್ದನೆಯ ಸ್ಕ್ರೂ. ಮೋಟರು ತಿರುಗಿದರೆ ಸ್ಕ್ರೂ ತಿರುಗುತ್ತದೆ, ಪೆಲೆಟ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬೆಂಕಿಗೆ ತಳ್ಳುತ್ತದೆ.

ನಿಶ್ಚಿತಾ ಪಕ್ಕದಲ್ಲೇ ಕೂತು ಕೇಳುತ್ತಿದ್ದಳು.

“ಬೆಂಕಿ ಎಲ್ಲಿರತ್ತೆ ಚಿಕ್ಕಪ್ಪ?”

“ಕೆಳಗೆ. ಒಂದು ಲೋಟದಷ್ಟು ಜಾಗದಲ್ಲಿ.”

“ಅಷ್ಟೇ ಬೆಂಕೀಲಿ ಬೇಯತ್ತಾ?”

“ಬೇಯ್ಸೋದು ಬಿಸಿಗಾಳಿ ಕಣಮ್ಮ. ರುಚಿ ಕೊಡೋದು ಹೊಗೆ.”

“ಹೊಗೆ ತಿಂದ್ರೆ ಹೊಟ್ಟೆಯೊಳಗೆ ಹೊಗೆ ಇರತ್ತಾ?”

“ಇದ್ರೆ ಮೂಗಲ್ಲಿ ಬರತ್ತೆ. ತಿಂದ್ಮೇಲೆ ಕನ್ನಡಿ ನೋಡ್ಕೋ.”

ಮಹದೇವಮ್ಮಜ್ಜಿ, ಚಿಕ್ಕಪ್ಪನ ತಾಯಿ, ಇದನ್ನೆಲ್ಲ ಕೇಳಿಸಿಕೊಂಡು ಹೇಳುತ್ತಿದ್ದರು: “ಊದುಕೊಳವೆ ಊದಿ ಊದಿ ನನ್ನ ಕಣ್ಣು ಓಯ್ತು. ಒಗೆ ತೊಲಗ್ಲಿ ಅಂತ ಗ್ಯಾಸ್ ತಂದ್ರು. ಈಗ ಇವನು ಒಗೆ ಬೇಕು ಅಂತ ಮಿಷನ್ ಮಾಡ್ತಾನೆ.”

ಇವತ್ತು ಭಾನುವಾರ. ನಾಲ್ಕು ಗಂಟೆಗೆ ಪ್ರೇಮಲೀಲಾ ರುಚಿ ನೋಡಲು ಬರುವವರಿದ್ದರು. ಒಪ್ಪಿದರೆ ಸ್ಮೋಕರ್ ಅವರ ಹೋಟೆಲಿಗೆ ಹೋಗುತ್ತದೆ. ಒಪ್ಪದಿದ್ದರೆ ಟೆರೇಸಿನ ಮೂಲೆಯಲ್ಲಿ ತುಕ್ಕು ಹಿಡಿಯುತ್ತದೆ. ಬೇರೆಯವರ ಅಳತೆ ಇಲ್ಲದೆ, ಚಿಕ್ಕಪ್ಪ ತಾವೇ ಯೋಚಿಸಿ ಮಾಡಿದ ಮೊದಲ ಮಿಷನ್ ಅದು.

ಅಪ್ಪ ಅಮ್ಮ ಕೆಸರೆಯಲ್ಲಿ ಮದುವೆಗೆ ಹೋಗಿದ್ದರು. ಚಿಕ್ಕಪ್ಪ ಬದನೆಕಾಯಿ ತರಲು ಮಾರ್ಕೆಟ್ಟಿಗೆ ಹೊರಟರು. “ನಿಶ್ಚಿ, ಪೆಲೆಟ್ ಚೀಲ ಮೇಲೆ ತಂದಿಡು. ಇವತ್ತು ನೀನೇ ಅಸಿಸ್ಟೆಂಟು,” ಎಂದು ಹೇಳಿ ಹೋದರು.

ಅವಳು ಚೀಲ ತಂದಳು. ಬಾಯಿ ಬಿಚ್ಚಿದಾಗ ಒಳಗಿಂದ ಒಂದು ಜಿರಲೆ ಓಡಿತು.

ನಿಶ್ಚಿತಾ ನಿಂತು ಯೋಚಿಸಿದಳು. ಹೊಗೆ ಊಟಕ್ಕೆ ತಾಗುತ್ತದೆ. ಹೊಗೆ ಬರುವುದು ಪೆಲೆಟ್ಟಿನಿಂದ. ಪೆಲೆಟ್ಟಿನ ಮೇಲೆ ಜಿರಲೆ ಓಡಾಡಿದೆ. ಅಜ್ಜಿಯ ಅಡುಗೆಮನೆಯಲ್ಲಿ ಅಂಗಡಿಯಿಂದ ಬಂದದ್ದು ಯಾವುದೂ ತೊಳೆಯದೆ ಒಲೆಯ ಹತ್ತಿರ ಹೋಗುವುದಿಲ್ಲ. ಸೊಪ್ಪು, ಅಕ್ಕಿ, ಬೇಳೆ, ಒಡೆಯುವ ಮುಂಚೆ ತೆಂಗಿನಕಾಯಿ ಕೂಡ. ಹಾಗಾದರೆ ಇದನ್ನೂ ತೊಳೆಯಬೇಕು.

ಆಗ ಎಲ್ಲ ಸರಿಯಾಗಿಯೇ ಕಂಡಿತ್ತು.

“ಒಣಗಿಸ್ಬುಡು ಅಕ್ಕ,” ಅಂದ ನಿಶಾಂತ್. “ಸಂಡಿಗೆ ಥರ.”

ಅವಳು ಹಳೆಯ ಪಂಚೆ ಹಾಸಿ ಮುದ್ದೆಯನ್ನು ಹರಡಿದಳು. ಮಾರ್ಚ್ ತಿಂಗಳ ಬಿಸಿಲು ಜೋರಾಗಿಯೇ ಇತ್ತು. ಆದರೆ ಒಣಗಿದರೂ ಅದು ಹೊಟ್ಟೇ ಆಗುತ್ತಿತ್ತು, ಪೆಲೆಟ್ ಆಗುತ್ತಿರಲಿಲ್ಲ. ಹೊಟ್ಟನ್ನು ಸ್ಕ್ರೂ ತಳ್ಳುತ್ತದೆಯೇ? ಒತ್ತಿದ್ದರಿಂದ ತಾನೇ ಅದು ಪೆಲೆಟ್ ಆಗಿದ್ದು? ಹಾಗಾದರೆ ಇನ್ನೊಮ್ಮೆ ಒತ್ತಿದರೆ?

ಅವಳು ಕೆಳಗೆ ಓಡಿ ಚಕ್ಕಲಿ ಒರಳು ತಂದಳು. ಖಾರಾಸೇವೆ ಬಿಲ್ಲೆ ಹಾಕಿ, ಮುದ್ದೆ ತುಂಬಿ, ಎರಡೂ ಕೈಯಿಂದ ಒತ್ತಿದಳು. ಕಂದು ಎಳೆಗಳು ಇಳಿದವು. ನಿಶಾಂತ್ ಬಾಯಿ ತೆರೆದು ನೋಡಿದ. ಬೆರಳಿನಿಂದ ಮುಟ್ಟಿದ. ಎಳೆ ಪುಡಿಪುಡಿಯಾಯಿತು.

“ಯಾರಿಗವ್ವ ಈ ಖಾರಾಸೇವೆ?”

ಅಜ್ಜಿ ಬಂದುಬಿಟ್ಟಿದ್ದರು. ಬೇಸಿನ್ ನೋಡಿದರು. ಖಾಲಿ ಚೀಲ ನೋಡಿದರು. ಚಕ್ಕಲಿ ಒರಳನ್ನು ಸ್ವಲ್ಪ ಜಾಸ್ತಿ ಹೊತ್ತೇ ನೋಡಿದರು.

“ಜಿರಲೆ ಇತ್ತಜ್ಜಿ. ಅದಕ್ಕೆ ತೊಳ್ದೆ,” ಅಂದಳು ನಿಶ್ಚಿತಾ.

ಅಜ್ಜಿ ಬೈಯಲಿಲ್ಲ. “ಅವನಿಗೆ ಏಳಿದ್ಯಾ?”

“ಇಲ್ಲ. ಒಣಗತ್ತೇನೋ ಅಂತ...”

“ಈಗ ಅನ್ನೊಂದು ಗಂಟೆ. ಈಗ್ಲೇ ಗೊತ್ತಾದ್ರೆ ಅವನಿಗೆ ಐದು ಗಂಟೆ ಸಿಗತ್ತೆ ಮಗಾ. ನಾಲ್ಕಕ್ಕೆ ಗೊತ್ತಾದ್ರೆ ಏನೂ ಸಿಗಕಿಲ್ಲ,” ಅಂದರು. ಒರಳನ್ನು ಸೆರಗಿನಲ್ಲಿ ಒರೆಸುತ್ತ ಕೆಳಗೆ ಹೋದರು.

ಗೇಟಿನ ಸದ್ದಾಯಿತು. ಚಿಕ್ಕಪ್ಪ ಬದನೆಕಾಯಿಯ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ನಿಶ್ಚಿತಾ ಪಂಚೆಯನ್ನು ಮರೆಮಾಡಿ ನಿಂತಳು. ಆಮೇಲೆ ತಾನೇ ಪಕ್ಕಕ್ಕೆ ಸರಿದಳು.

“ಚಿಕ್ಕಪ್ಪ, ಪೆಲೆಟ್ ತೊಳೆದ್ಬುಟ್ಟೆ.”

ಚಿಕ್ಕಪ್ಪನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. “ತೊಳಿ ಅಂತ ಯಾರೇ ಹೇಳಿದ್ದು?” ಅವರ ದನಿ ಏರಿತು. ಬದನೆಕಾಯಿ ಚೀಲ ಕೆಳಗಿಟ್ಟರು. ಮುದ್ದೆಯನ್ನು ಕೈಯಲ್ಲಿ ತೆಗೆದುಕೊಂಡು ಹಿಂಡಿದರು. ನೀರಿನ ಟ್ಯಾಂಕಿನ ನೆರಳಲ್ಲಿ ಕೂತುಬಿಟ್ಟರು.

ನಿಶ್ಚಿತಾಗೆ ಅವರು ಇನ್ನೂ ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಪೆಲೆಟ್ ಕೊಟ್ಟಿದ್ದ ಮಿಲ್ಲಿಗೆ ಚಿಕ್ಕಪ್ಪ ಫೋನು ಮಾಡಿದರು. ಭಾನುವಾರ, ಯಾರೂ ಎತ್ತಲಿಲ್ಲ. ಚೀಲವನ್ನು ತಲೆಕೆಳಗೆ ಮಾಡಿ ಕೊಡವಿದರು. ಮಡಿಕೆಯಲ್ಲಿ ಸಿಕ್ಕಿಕೊಂಡಿದ್ದ ಒಣ ಪೆಲೆಟ್ಟುಗಳು ಬಿದ್ದವು. ಮೂರು ಹಿಡಿ.

“ಇದು ಎಷ್ಟು ಹೊತ್ತು ಉರಿಯತ್ತೆ ಚಿಕ್ಕಪ್ಪ?”

“ಅರ್ಧ ಗಂಟೆ. ಬದನೆಕಾಯಿಗೇ ಒಂದೂವರೆ ಗಂಟೆ ಬೇಕು.”

“ಮೊದಲೇ ಬೆಂದಿರೋದನ್ನ ಇಟ್ರೆ? ಬೇಯ್ಸೋದು ಗ್ಯಾಸಲ್ಲಿ. ರುಚಿಗೆ ಮಾತ್ರ ಹೊಗೆ.”

ಚಿಕ್ಕಪ್ಪ ತಲೆ ಎತ್ತಿ ಅವಳನ್ನು ನೋಡಿದರು. ಎದ್ದು ನಿಂತು, “ಅವ್ವಾ, ಕುಕ್ಕರಲ್ಲಿ ಆಲೂಗಡ್ಡೆ ಇಡು. ಒಂದು ಪಾವು ತೊಗರಿಬೇಳೇನೂ,” ಎಂದು ಕೂಗಿದರು.

ನಾಲ್ಕಕ್ಕೆ ಸರಿಯಾಗಿ ಪ್ರೇಮಲೀಲಾ ಸ್ಕೂಟರಿನಲ್ಲಿ ಬಂದರು. ದಪ್ಪ ಕನ್ನಡಕ, ಹೆಗಲಲ್ಲಿ ಬಟ್ಟೆ ಚೀಲ. ಸ್ಮೋಕರಿನ ಸುತ್ತ ಎರಡು ಸಲ ಸುತ್ತಿ ಬಂದರು. ಚಿಕ್ಕಪ್ಪ ಸ್ವಿಚ್ ಹಾಕಿದರು. ಸ್ಕ್ರೂ ಕರಕರ ಎಂದಿತು. ಸ್ವಲ್ಪ ಹೊತ್ತಿಗೆ ಕೊಳವೆಯಿಂದ ತೆಳ್ಳಗೆ, ನೀಲಿ ನೀಲಿಯಾಗಿ ಹೊಗೆ ಬಂತು. ಜಾಲರಿಯ ಮೇಲೆ ಸೀಳಿದ ಆಲೂಗಡ್ಡೆ, ಖಾರ ಸವರಿದ ಪನೀರು, ಅಗಲವಾದ ಬಟ್ಟಲಲ್ಲಿ ತೊವ್ವೆ ಇಟ್ಟು ಮುಚ್ಚಳ ಹಾಕಿದರು.

ನಿಶಾಂತ್ ಮುಚ್ಚಳದ ಹಿಡಿಗೆ ಕೈ ಹಾಕಿದ.

“ತೆಗೀಬೇಡ,” ಅಂದಳು ನಿಶ್ಚಿತಾ. “ನೀನು ನೋಡೋಕೆ ತೆಗೆದ್ರೆ ಹೊಗೆ ನಿನ್ನ ನೋಡೋಕೆ ಆಚೆ ಬರತ್ತೆ.”

ಪ್ರೇಮಲೀಲಾ ನಕ್ಕರು.

ಅರ್ಧ ಗಂಟೆ ಆಗುವ ಮುಂಚೆಯೇ ಸ್ಕ್ರೂವಿನ ಸದ್ದು ಬದಲಾಯಿತು. ಅದರ ಬಾಯಲ್ಲಿ ಏನೂ ಇರಲಿಲ್ಲ. ಚಿಕ್ಕಪ್ಪ ಸ್ವಿಚ್ ಆರಿಸಿ ಮುಚ್ಚಳ ತೆಗೆದರು.

ಆಲೂಗಡ್ಡೆಯ ಅಂಚು ಹೊಂಬಣ್ಣಕ್ಕೆ ತಿರುಗಿತ್ತು. ಎಲ್ಲರೂ ತಿಂದರು. ನಿಶ್ಚಿತಾಗೆ ಮೊದಲು ಉಪ್ಪು, ಆಮೇಲೆ ಖಾರ, ಎಲ್ಲ ನುಂಗಿದ ಮೇಲೆ ದೂರದಲ್ಲಿ ಎಲ್ಲೋ ಸೌದೆ ಉರಿದ ಹಾಗೆ ರುಚಿ ಗೊತ್ತಾಯಿತು. ನಿಶಾಂತ್ ಮೂಗಿನಿಂದ ಜೋರಾಗಿ ಉಸಿರು ಬಿಟ್ಟು ನೋಡಿದ. ಹೊಗೆ ಬರಲಿಲ್ಲ.

ಅಜ್ಜಿ ಅನ್ನಕ್ಕೆ ತೊವ್ವೆ ಕಲಸಿಕೊಂಡರು. “ಇಂಗೆ ಒಗೆ ಒಡೆದ ತೊವ್ವೆ ಬಡಿಸಿದ್ರೆ ನಮ್ಮತ್ತೆ ನನ್ನ ಮನೆಯಿಂದಾಚೆಗೆ ಕಳಿಸಿರೋರು,” ಅಂದರು. ಆಮೇಲೆ ಇನ್ನೊಂದು ಸೌಟು ಹಾಕಿಸಿಕೊಂಡರು.

“ಚೆನ್ನಾಗಿದೆ,” ಅಂದರು ಪ್ರೇಮಲೀಲಾ. “ಆದ್ರೆ ಬದನೆಕಾಯಿ, ಜೋಳ ಎಲ್ಲ ಮಾಡ್ತೀನಿ ಅಂದಿದ್ಯಲ್ಲ. ಇಷ್ಟೇನಾ?”

ಚಿಕ್ಕಪ್ಪ ಕೈ ಒರೆಸಿಕೊಂಡರು. “ಇವತ್ತು ಪೆಲೆಟ್ ಕಮ್ಮಿ ಇತ್ತು ಮೇಡಂ.”

ನಿಶ್ಚಿತಾ ಅವರ ಮುಖ ನೋಡಿದಳು. ಅವರು ಇವಳ ಕಡೆ ತಿರುಗಲೇ ಇಲ್ಲ.

ಪ್ರೇಮಲೀಲಾ ತಟ್ಟೆ ಕೆಳಗಿಟ್ಟರು. “ನೋಡಪ್ಪ, ಮಾಡಿದವನಿಗೇ ಪೆಲೆಟ್ ಸಾಕಾಗಲ್ಲ ಅಂದ್ರೆ, ನಾನು ಇದನ್ನ ತಗೊಂಡು ಏನ್ಮಾಡ್ಲಿ? ಊಟಕ್ಕೆ ಕೂತವರಿಗೆ ಇವತ್ತು ಪೆಲೆಟ್ ಇಲ್ಲ ಅನ್ಲಾ? ಬೇಜಾರ್ ಮಾಡ್ಕೋಬೇಡ.” ಅವರು ಬಟ್ಟೆ ಚೀಲವನ್ನು ಹೆಗಲಿಗೆ ಏರಿಸಿದರು.

ಚಿಕ್ಕಪ್ಪ ಅವರ ತಟ್ಟೆ ಎತ್ತಿಕೊಂಡರು. ಒಂದು ಮಾತು ಹೇಳಿದರೆ ಸಾಕಿತ್ತು. ಹೇಳುತ್ತಿರಲಿಲ್ಲ.

“ಪೆಲೆಟ್ ಇತ್ತು ಆಂಟಿ,” ಅಂದಳು ನಿಶ್ಚಿತಾ. “ಒಂದು ಚೀಲ ತುಂಬ ಇತ್ತು. ನಾನೇ ತೊಳೆದ್ಬುಟ್ಟೆ.”

“ತೊಳೆದ್ಯಾ?”

“ಜಿರಲೆ ಇತ್ತು.”

ಪ್ರೇಮಲೀಲಾ ಕನ್ನಡಕ ಸರಿಮಾಡಿಕೊಂಡು ಅವಳನ್ನು ನೋಡಿದರು. “ಎಲ್ಲಿ, ತೋರ್ಸು.”

ನಿಶ್ಚಿತಾ ಅವರನ್ನು ಪಂಚೆಯ ಹತ್ತಿರ ಕರೆದುಕೊಂಡು ಹೋದಳು. ಅವರು ಬಗ್ಗಿ ಹೊಟ್ಟು ಮುಟ್ಟಿದರು. ಅವರ ಹೆಗಲು ಕುಲುಕಲು ಶುರುವಾಯಿತು. ನಗುತ್ತಿದ್ದರು.

“ನಮ್ಮ ಹೋಟೆಲಲ್ಲಿ ಪಾತ್ರೆ ತೊಳೆಯೋ ಚಾಮುಂಡಮ್ಮ ಇದಾಳೆ ಕಣಮ್ಮ. ಅವಳೂ ಹಿಂಗೇ. ಬೆಂಕಿಪೊಟ್ಟಣ ಒಂದನ್ನ ಬಿಟ್ಟು ಎಲ್ಲಾನೂ ತೊಳೀತಾಳೆ.” ನಗು ನಿಂತಿತು. ಅವರು ಯೋಚಿಸುತ್ತಿದ್ದರು. “ನೀರು ಬಿದ್ದು ಎಷ್ಟು ಹೊತ್ತಿಗೆ ಹಿಂಗಾಯ್ತು?”

“ನೂರು ಎಣಿಸೋ ಹೊತ್ತಿಗೆ. ಮೊದಲು ಚಟಚಟ ಅಂತು. ಆಮೇಲೆ ಊದ್ಕೊಂಡ್ತು. ಅಡ್ಡಡ್ಡ ಸೀಳ್ತು. ಒಂದೊಂದು ಮೂರರಷ್ಟು ದಪ್ಪ ಆಗತ್ತೆ ಆಂಟಿ.”

“ಸ್ಕ್ರೂ ಒಳಗೆ ಇದ್ದಾಗ ನೀರು ಬಿದ್ರೆ?”

ನಿಶ್ಚಿತಾ ಚಿಕ್ಕಪ್ಪನನ್ನು ನೋಡಿದಳು. ಚಿಕ್ಕಪ್ಪ ಪೆಲೆಟ್ ಡಬ್ಬ ನೋಡುತ್ತಿದ್ದರು. ಅದರ ಮೇಲೆ ಒಂದು ತಗಡನ್ನು ಸುಮ್ಮನೆ ಇಟ್ಟಿದ್ದರು, ಅಷ್ಟೇ.

“ಊದ್ಕೊಂಡು ಕಚ್ಕೊಂಬುಡತ್ತೆ,” ಅಂದರು ಚಿಕ್ಕಪ್ಪ ನಿಧಾನವಾಗಿ. “ಸ್ಕ್ರೂ ತಿರುಗಲ್ಲ. ಮೋಟರು ಸುಟ್ಟು ಹೋಗತ್ತೆ.” ಆರು ತಿಂಗಳಲ್ಲಿ ಅದು ಅವರಿಗೆ ಹೊಳೆದೇ ಇರಲಿಲ್ಲ.

“ನನ್ನ ಅಡುಗೆಮನೇಲಿ ಎಲ್ಲಿ ನೋಡಿದ್ರೂ ನೀರೇ,” ಅಂದರು ಪ್ರೇಮಲೀಲಾ. “ಆ ಡಬ್ಬಕ್ಕೆ ನೀರು ಇಳಿಯದ ಹಾಗೆ, ಚಾಮುಂಡಮ್ಮನ ಕೈಗೂ ಜಗ್ಗದ ಮುಚ್ಚಳ ಮಾಡು. ಮುಂದಿನ ಭಾನುವಾರ ಮತ್ತೆ ಬರ್ತೀನಿ. ಬದನೆಕಾಯಿ ನಾನೇ ತರ್ತೀನಿ. ಆಗ ನೋಡಿ ಹೇಳ್ತೀನಿ.”

ಸ್ಕೂಟರಿನ ಸದ್ದು ಬೀದಿಯ ತಿರುವಿನಲ್ಲಿ ಕರಗಿತು. ನಿಶಾಂತ್ ಉಳಿದ ಪನೀರು ಹುಡುಕಿಕೊಂಡು ಅಜ್ಜಿಯ ಹಿಂದೆ ಹೋದ.

ಚಿಕ್ಕಪ್ಪ ಸ್ಮೋಕರಿನ ಪಕ್ಕ ನೆಲದ ಮೇಲೆ ಕೂತು ಡಬ್ಬದ ಅಂಚಿಗೆ ಟೇಪು ಹಿಡಿದು ಅಳೆಯುತ್ತಿದ್ದರು. ನಿಶ್ಚಿತಾ ಸ್ವಲ್ಪ ದೂರದಲ್ಲಿ ನಿಂತಿದ್ದಳು.

“ನನ್ನ ಹೆಸರು ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ?”

“ಹೇಳಿದ್ರೆ ಪೆಲೆಟ್ ಒಣಗ್ತಿತ್ತಾ?” ಅವರು ಒಂದು ಅಳತೆ ಬರೆದುಕೊಂಡರು. “ನಾನು ಹೇಳ್ಲಿಲ್ಲ ಅಂದ್ಮೇಲೆ ನೀನ್ಯಾಕೆ ಹೇಳ್ದೆ?”

ನಿಶ್ಚಿತಾ ಯೋಚಿಸಿದಳು. ಅವಳೂ ಅದನ್ನೇ ಆಗಿನಿಂದ ತನ್ನನ್ನು ಕೇಳಿಕೊಳ್ಳುತ್ತಿದ್ದಳು.

“ಅವರು ಮಿಷನ್ ಸರಿಯಿಲ್ಲ ಅನ್ನೋ ಥರ ಹೊರಟ್ರು. ಪಾಪ, ಅದು ಏನು ಮಾಡಿತ್ತು?”

ಚಿಕ್ಕಪ್ಪ ಸ್ವಲ್ಪ ಆಚೆ ಸರಿದು ಪಕ್ಕದಲ್ಲಿ ಜಾಗ ಮಾಡಿದರು. ಟೇಪಿನ ಒಂದು ತುದಿಯನ್ನು ಅವಳ ಕಡೆ ಚಾಚಿದರು.

ಅವಳು ಕೂತು ಅದನ್ನು ಹಿಡಿದುಕೊಂಡಳು. ಬೆನ್ನಿಗೆ ಸ್ಮೋಕರಿನ ಡ್ರಮ್ಮು ತಾಗಿತು. ಅದು ಇನ್ನೂ ಬೆಚ್ಚಗಿತ್ತು.