ಮಸಿ ನಿಲ್ಲದ ಗೋಡೆ

ಮಂಗಳವಾರ ಬೆಳಿಗ್ಗೆ ಅಳವಂಡಿ ಠಾಣೆಗೆ ಬಂದ ದೂರು ಎಂಥದೆಂದರೆ, ದೂರುದಾರಳೂ ಆಕೆಯೇ, ಆರೋಪಿಯೂ ಆಕೆಯೇ.

"ನನ್ನ ಕೂಸಿನ್ನ ನಾನ ಸುಟ್ಟೀನ್ರಿ. ನನ್ನ ಒಳಗ ಹಾಕ್ರಿ," ಎಂದು ಲಲಿತಾ ಪಿಎಸ್‌ಐ ವಿಜಯಲಕ್ಷ್ಮಿಯ ಮೇಜಿಗೆ ಹಣೆ ಬಡಿದುಕೊಂಡಳು.

ಬಾಣಂತನಕ್ಕೆ ತವರಿಗೆ ಬಂದಿದ್ದ ಹುಡುಗಿ. ಭಾನುವಾರ ಮನೆಗೆ ಬೆಂಕಿ ಬಿದ್ದು ಏಳು ತಿಂಗಳ ಮಗಳು ಹೋಗಿದ್ದಳು. ಅಸಹಜ ಸಾವು ಎಂದು ಪ್ರಕರಣ ದಾಖಲಾಗಿತ್ತು. ಆಕಸ್ಮಿಕವೆಂದು ಊರೆಲ್ಲ ಒಪ್ಪಿದರೂ ತಾಯಿ ಒಪ್ಪಲಿಲ್ಲ.

"ಏನ್ ಮಾಡಿದಿ, ಹೇಳು."

"ಕಾಡಿಗಿ ಹಿಡದಿದ್ನಿರಿ. ಔಡಲೆಣ್ಣಿ ದೀಪದ ಮ್ಯಾಲ ಹಿತ್ತಾಳಿ ತಾಟು ಬೋರಲ ಇಟ್ಟು ಬಾಗ್ಲಾ ಹಾಕಿದ್ನಿ. ಗಾಳಿ ಆಡಿದ್ರ ಮಸಿ ಕೂರಂಗಿಲ್ಲ."

"ಕೂಸು?"

"ದಿನಾ ನಡುಮನ್ಯಾಗ ನನ್ನ ಬಾಜೂಕ ಮಲಗತಿತ್ತು. ಹೊಗಿ ಕುಡದೀತು ಅಂತ ಅವತ್ತೊಂದಿನ ಹಿತ್ತಲ ಕ್ವಾಣ್ಯಾಗ ತೊಟ್ಲಿಗೆ ಹಾಕಿದ್ನಿ. ನನಗ ಕಣ್ಣು ಹತ್ತಿಬಿಟ್ವು. ಎದ್ದು ನೋಡಿದ್ರ ನಡುವಿನ ಬಾಗ್ಲಾ ಉರ್ಯಾಕತ್ತಿತ್ತು. ಇಲಿ ಬತ್ತಿ ಎಳಕೊಂಡು ಹೋಗೇತಿ ಅಂತಾರ ಎಲ್ಲಾರೂ."

ಅಯ್ಯೋ ಶಿವನೇ! ಒಳಗೆ ಹಾಕಬೇಡಿ ಎಂದು ಕಾಲು ಹಿಡಿದವರನ್ನು ವಿಜಯಲಕ್ಷ್ಮಿ ಕಂಡಿದ್ದಳು, ಹಾಕಿ ಎಂದು ಹಿಡಿದವರನ್ನಲ್ಲ. ಹೀಗೇ ಮನೆಗೆ ಕಳಿಸಿದರೆ ಸಂಜೆಯೊಳಗೆ ಈಕೆ ಬಾವಿ ಪಾಲು. ಕಾನ್‌ಸ್ಟೆಬಲ್ ವಾಣಿಶ್ರೀಯನ್ನು ಪಕ್ಕದಲ್ಲಿ ಕೂರಿಸಿ, "ಕ್ಷಣಾನೂ ಕಣ್ಣು ತಪ್ಪಿಸಬ್ಯಾಡ," ಎಂದು ಹೊರಟಳು.

ಸುಟ್ಟ ಮನೆಯಲ್ಲಿ ಪಂಚರ ಎದುರು ಪಂಚನಾಮೆ ನಡೆಯಿತು. ವಿಧಿವಿಜ್ಞಾನ ಪ್ರಯೋಗಾಲಯದಿಂದ ಬಂದ ಸುಭಾಷ್ ನಡುಮನೆಯ ದೀಪದ ಮೇಲಿನ ತಾಟನ್ನು ಮೆಲ್ಲಗೆ ಎತ್ತಿದ. ಬತ್ತಿ ಇದ್ದಲ್ಲೇ ಇತ್ತು, ಬುಡದವರೆಗೆ ಉರಿದು ತಾನಾಗಿ ಆರಿತ್ತು. ತಾಟಿನ ಒಳಮೈಯಲ್ಲಿ ಕಾಡಿಗೆ ಮೆತ್ತಗೆ ಕೂತಿತ್ತು.

"ಇಲಿ ಕಥಿ ಇಲ್ಲಿಗೆ ಮುಗೀತು ಮೇಡಂ. ಬತ್ತಿ ಬುಡಕ್ಕ ಉರಿ ನೀಲಿ ಇರತೈತಿ, ಅಲ್ಲಿ ಮಸಿ ಇಲ್ಲ. ಸ್ವಲ್ಪ ಮ್ಯಾಲ ಎಣ್ಣಿ ಆವಿಗೆ ಗಾಳಿ ಸಾಲಂಗಿಲ್ಲ. ಅಲ್ಲಿ ಕಣ್ಣಿಗೆ ಕಾಣದಂಥ ಕಣ ಹುಟ್ಟಿ, ಒಂದಕ್ಕೊಂದು ಅಂಟಿ ಬೆಳೀತಾವು. ಅವು ಕಾದು ಹೊಳಿಯೋದಕ್ಕ ಉರಿ ಹಳದಿ. ತಣ್ಣನ ತಾಟು ಅಡ್ಡ ಬಂದ್ರ ಕಾಡಿಗಿ ಆಗಿ ಕೂರತಾವು, ಕಾವು, ಗಾಳಿ ಭಾಳ ಸಿಕ್ಕರ ತಾವೂ ಉರಿದು ಹೋಗತಾವು."

"ಅಂದ್ರ?"

"ಮಸಿ ಇನ್ನೂ ಕೂತಲ್ಲಿ ಬೆಂಕಿ ಜೋರಾಗಿಲ್ಲ. ಮಸೀನೂ ಸುಟ್ಟು ಹೋದಲ್ಲಿ ಭಾಳ ಹೊತ್ತು ಉರದೈತಿ. ಹಿತ್ತಲಕ್ಕ ಬರ್ರಿ."

ನಡುವಿನ ಬಾಗಿಲು ಹಿತ್ತಲ ಕಡೆಯಿಂದ ಉರಿದು ಇತ್ತ ಬಂದಿತ್ತು. ಹಿತ್ತಲ ಕೋಣೆಯ ಗೋಡೆಗಳೆಲ್ಲ ಕಪ್ಪು, ಕಿಟಕಿಯ ಸುತ್ತ ಮಾತ್ರ ಬೋಳು ಬಿಳುಪು. ಕಿಟಕಿಯಾಚೆ ಮೇವಿನ ಬಣವೆಯ ಬೂದಿ. ಅದರ ಬುಡದ ಮಣ್ಣನ್ನು ಮೂಸಿದ ಸುಭಾಷ್, "ಪೆಟ್ರೋಲ್," ಎಂದು ಡಬ್ಬಿಗೆ ತುಂಬಿ ಮೊಹರು ಮಾಡಿದ.

ಲಲಿತಾಳ ಗಂಡ ಯಂಕೇಶ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಬೆಂಕಿ ಆರಿದ ಮೇಲೆ ಕುಷ್ಟಗಿಯಿಂದ ಬಂದೆನೆಂದು ಭಾನುವಾರವೇ ಹೇಳಿಕೆ ಕೊಟ್ಟಿದ್ದ. ಅವನು ಮುಖ ಒರೆಸಿಕೊಳ್ಳಲು ಕೈ ಎತ್ತಿದಾಗ ಅಂಗಿಯ ತೋಳು ಜಾರಿ ವಿಜಯಲಕ್ಷ್ಮಿಗೆ ಅವನ ಬಲಗೈ ಕಂಡಿತು. ಮೊಣಕೈವರೆಗೆ ರೋಮವೆಲ್ಲ ಸುಟ್ಟು ಮುರುಟಿತ್ತು.

"ಬೆಂಕಿ ಆರಿದ ಮ್ಯಾಲ ಬಂದವನ ಕೈ ಹೆಂಗ ಸುಟ್ತೋ?"

ಅವನು ಕೈ ಮುಚ್ಚಿಕೊಂಡ.

"ಬಣವಿಗೆ ಯಾಕ ಹಚ್ಚಿದಿ?"

"ತಾಯಿ-ಕೂಸಿನ್ನ ಐದು ತಿಂಗಳಿಗೆ ಕಳಸ್ತೀವಿ ಅಂದ್ರು, ಏಳು ಅಂದ್ರು, ಈಗ ಒಂಬತ್ತು ಅಂತಾರ್ರಿ ನಮ್ಮಾವಾರು. ಊರಾಗ ಎಲ್ಲಾರೂ ನಗಾಕತ್ತಿದ್ರು. ಬಣವಿ ಸುಟ್ರ ದನಕ್ಕ ಮೇವಿಲ್ದಂಗ ಆಗಿ, ಮನ್ಯಾಗ ಅಡಚಣಿ ಅಂತ ಕಳಿಸಿಕೊಡ್ತಾರ ಅಂದ್ಕೊಂಡ್ನಿ. ಮಗಳ್ನ ನನ್ನ ಮನ್ಯಾಗ ಆಡಿಸಬೇಕಿತ್ರಿ ನಾನು. ಕೂಸು ನಡುಮನ್ಯಾಗ ಐತಿ ಅಂತಾನ ತಿಳದಿದ್ನಿ!" ಎಂದು ನೆಲಕ್ಕೆ ಹಣೆ ಹಚ್ಚಿ ಗೋಳಾಡಿದ.

ಎಫ್‌ಐಆರ್ ದಾಖಲಾಯಿತು. ಸಂಜೆ ಐದಕ್ಕೆ ಬಂಧನ. ಮಗಳನ್ನು ಮನೆಗೆ ಕರೆದೊಯ್ಯುವ ಹಂಬಲವೊಂದೇ ಅವನ ಕೈಗೆ ಕಡ್ಡಿ ಕೊಟ್ಟಿತ್ತು.

ಠಾಣೆಯಲ್ಲಿ ಲಲಿತಾ ಕೂತಲ್ಲೇ ಕೂತಿದ್ದಳು. ವಿಜಯಲಕ್ಷ್ಮಿ ಅವಳ ಎದುರು ನೆಲದ ಮೇಲೆ ಕುಳಿತು ಎರಡೂ ಕೈ ಹಿಡಿದುಕೊಂಡಳು.

"ನೀ ಅಲ್ಲವ್ವಾ. ನಿನ್ನ ದೀಪ ಯಾರನ್ನೂ ಸುಟ್ಟಿಲ್ಲ."

ಲಲಿತಾ ಕೇಳಿದ್ದನ್ನು ನಂಬಲಾರದೆ ನೋಡಿದಳು. ಮೂರು ದಿನಗಳಲ್ಲಿ ಮೊದಲ ಸಲ ಅವಳಿಗೆ ಜೋರಾಗಿ ಅಳು ಬಂತು. ಅಳುತ್ತಲೇ ಅವಸರದಿಂದ ಎದ್ದಳು.

"ಹಂಗಾರ ಲಗೂನ ನಮ್ಮನಿಯವರಿಗೆ ಹೇಳ್ರಿ ಮೇಡಂ. ನಾನ ಕೊಂದೀನಿ ಅಂತ ತಿಳಕೊಂಡು ಒಂದ ತುತ್ತೂ ಉಂಡಿಲ್ಲ ಅವರು."