ಎರಡು ಕಡೆಯಿಂದ ಕೇಳಿದ ಸುದ್ದಿ

ಅವರಿಗೆ ನಾನೆಂದರೆ ಇಷ್ಟ ಎಂದು ನನಗೆ ಮೊದಲು ಹೇಳಿದ್ದು ನಮ್ಮ ಜೀಪಿನ ಡ್ರೈವರ್ ಮಾಮ. ಆಮೇಲೆ ಅಕೌಂಟ್ಸ್ ಅಕ್ಕ. ಕೊನೆಗೆ ಬಾಸ್ ಕೂಡ, ಕೆಮ್ಮಿಕೊಂಡು, ಮುಖ ಕಿಟಕಿಯತ್ತ ತಿರುಗಿಸಿ. ಹೇಳಬೇಕಾದವರು ಮಾತ್ರ ತುಟಿಪಿಟಕ್ ಎನ್ನಲಿಲ್ಲ.

ಅವರು ಆಫೀಸಿನ ಪ್ರೋಗ್ರಾಮರ್. ನಾನು ಬ್ಯಾಟರಿಯವಳು. ಊರ ಹಿಂದಿನ ಗುಡ್ಡ ಕುಸಿಯುವ ಮೊದಲೇ ಸುಳಿವು ಸಿಗಲಿ ಎಂದು ಅದರ ಮೈತುಂಬ ಪುಟ್ಟ ಸೆನ್ಸರ್ ಡಬ್ಬಿಗಳನ್ನು ಹೂತಿದ್ದೆವು. ತಂತಿಯಿಲ್ಲ. ಒಂದು ಡಬ್ಬಿ ಹೇಳಿದ್ದನ್ನು ಪಕ್ಕದ್ದು ಕೇಳಿಸಿಕೊಂಡು ಅದರಾಚೆಯದಕ್ಕೆ ಹೇಳಬೇಕು, ಹಾಗೆ ಸುದ್ದಿ ಗುಡ್ಡವೆಲ್ಲ ಹರಡಿ ಕೆಳಗಿನ ನಮ್ಮ ಆಫೀಸು ಮುಟ್ಟಬೇಕು. ಮೊದಮೊದಲು ಎಲ್ಲವೂ ಒಟ್ಟಿಗೆ ಒದರುತ್ತಿದ್ದವು. ಕೇಳಿದ್ದನ್ನೇ ಕೇಳಿ, ಹೇಳಿದ್ದನ್ನೇ ಹೇಳಿ ಬ್ಯಾಟರಿ ಬರಿದು. ಅದನ್ನು ಬದಲಾಯಿಸಲು ಗುಡ್ಡ ಹತ್ತುವವಳು ನಾನು.

ಅವರು ಬಂದು ಒಂದು ನಿಯಮ ಬರೆದರು. ಪಕ್ಕದ ಎರಡು ಡಬ್ಬಿಗಳು ಆಗಲೇ ಆ ಸುದ್ದಿ ಹೇಳಿದ್ದು ಕೇಳಿಸಿತೋ, ನೀನು ಮತ್ತೆ ಹೇಳಬೇಡ, ತೆಪ್ಪಗೆ ಮಲಗು. ಬ್ಯಾಟರಿ ಬಾಳಿಕೆ ಬಂತು. ನನ್ನ ಮೊಣಕಾಲಿಗೆ ಸ್ವಲ್ಪ ಪುರಸೊತ್ತು ಸಿಕ್ಕಿತು. ನನಗೆ ಅವರ ಮೇಲೆ ಮನಸ್ಸಾದದ್ದು ಆಗಲೇ. ನನ್ನ ಆಯಾಸ ಕಡಿಮೆ ಮಾಡಲು ಯಾರಾದರೂ ಕೂತು ಯೋಚಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ಬೇರೆ ಊರಿನ ವರ್ಕ್‌ಶಾಪಿನಿಂದ ನನಗೆ ಕೆಲಸಕ್ಕೆ ಕರೆ ಬಂತು. ಅಲ್ಲಿ ಕುರ್ಚಿ ಇದೆ, ಮೇಜಿದೆ, ಗುಡ್ಡವಿಲ್ಲ. ವಾರದೊಳಗೆ ಹೂಂ ಅಥವಾ ಊಹೂಂ ಅನ್ನಬೇಕಿತ್ತು. ಹೊರಡುವ ಮೊದಲಾದರೂ ಈ ಮನುಷ್ಯ ಬಾಯಿ ಬಿಡುತ್ತಾರಾ ಎಂದು ಕಾದು ಕಾದು ನನಗೆ ಸಾಕಾಗಿಹೋಗಿತ್ತು.

ಹೊಸ ಪ್ರೋಗ್ರಾಂ ಹಾಕಬೇಕೆಂದು ಆ ವಾರದ ಕೊನೆಯ ದಿನ ಲ್ಯಾಪ್‌ಟಾಪ್ ಹೊತ್ತು ಅವರೂ ನನ್ನ ಜೊತೆ ಗುಡ್ಡ ಹತ್ತಿದರು. ಅರ್ಧಕ್ಕೇ ಏದುಸಿರು. ಬೆವರಿಗೆ ಮಂಜಾದ ಕನ್ನಡಕ ಒರೆಸುವ ನೆಪದಲ್ಲಿ ನನ್ನತ್ತ ಕಳ್ಳನೋಟ ಬೀರಿದರು. ನಾನು ತಿರುಗಿ ನೋಡಿದ್ದೇ ತಡ, ಗಾಜು ಸವೆದುಹೋಗುವಂತೆ ಮತ್ತೆ ಒರೆಸತೊಡಗಿದರು.

"ದಿನಾ ಹೀಗೇ ಹತ್ತುತ್ತೀರಾ?"

"ಇಲ್ಲ, ಒಂದೊಂದು ದಿನ ಲಿಫ್ಟ್‌ನಲ್ಲಿ ಬರ್ತೀನಿ."

ಅವರು ನಕ್ಕರು. ನನಗೆ ನಗುವಷ್ಟೂ ತ್ರಾಣವಿರಲಿಲ್ಲ. ಕಲ್ಲಿನ ಮೇಲೆ ಕೂತು ಬೂಟು ಬಿಚ್ಚಿದೆ.

"ವರ್ಕ್‌ಶಾಪಿಗೆ ಹೋಗ್ತೀರಂತೆ," ಅಂದರು, ನೆಲ ನೋಡುತ್ತ.

"ಯಾರು ಹೇಳಿದ್ರು?"

"ಡ್ರೈವರ್ ಮಾಮ."

"ಅವರು ನನಗೂ ಒಂದು ವಿಷಯ ಹೇಳಿದ್ರು. ನಿಮ್ಮ ವಿಷಯ."

ಅವರ ಕಿವಿಗಳು ಕೆಂಪಗಾದವು. "ಗೊತ್ತು. ಅಕೌಂಟ್ಸ್ ಅಕ್ಕನೂ ಹೇಳಿದ್ರಂತಲ್ಲ. ಹೇಗೂ ನಿಮಗೆ ಮುಟ್ಟಿದೆ, ನಾನು ಮತ್ತೆ ಹೇಳೋದು ಯಾಕೆ ಅಂತ ಸುಮ್ಮನಾದೆ. ನೀವೂ ಏನೂ ಅನ್ನಲಿಲ್ಲ. ಇಷ್ಟವಿಲ್ಲ ಅಂದ್ಕೊಂಡೆ."

ಮುಖ ನೋಡಿದೆ. ತಮಾಷೆಯಲ್ಲ. ಡಬ್ಬಿಗಳಿಗೆ ಬರೆದ ನಿಯಮವನ್ನು ತಮಗೂ ಹಾಕಿಕೊಂಡು ಕೂತಿದ್ದಾರೆ ಪುಣ್ಯಾತ್ಮರು! ಸಿಟ್ಟು, ಅಳು ಎರಡೂ ಒಟ್ಟಿಗೆ ಬಂದವು.

"ಸಾಹೇಬರೇ, ಆ ನಿಯಮ ಬೇರೆಯವರ ಸುದ್ದಿ ದಾಟಿಸೋ ಡಬ್ಬಿಗೆ. ಯಾವ ಡಬ್ಬಿ ಕೆಳಗೆ ಮಣ್ಣು ಜಾರ್ತಿದೆಯೋ, ಅದು ಸುಮ್ಮನಿರಬಹುದಾ?"

ಅವರು ಯೋಚಿಸಿದರು. ಪರೀಕ್ಷೆಯಲ್ಲಿ ಕೇಳಿದ ಪ್ರಶ್ನೆಯಂತೆ ನಿಜಕ್ಕೂ ಯೋಚಿಸಿದರು. "ಇಲ್ಲ. ಅದು ಹೇಳಲೇಬೇಕು."

"ಮತ್ತೆ?"

ಕೈ ಪುನಃ ಕನ್ನಡಕಕ್ಕೆ ಹೋಯಿತು. ನಾನು ಅದನ್ನು ಕಿತ್ತುಕೊಂಡೆ.

"ನಿಮ್ಮನ್ನ ಕಂಡ್ರೆ ನನಗೆ ಇಷ್ಟ," ಅಂದರು, ಕಣ್ಣು ಸರಿಯಾಗಿ ಕಾಣದೆ, ನನ್ನ ಪಕ್ಕದ ಪೊದೆಗೆ. "ತುಂಬಾ ಇಷ್ಟ. ಹೋಗಬೇಡಿ."

ಮೂವರ ಬಾಯಲ್ಲಿ ಕೇಳಿದ್ದ ಸುದ್ದಿಯೇ. ಆದರೂ ಸಂತೋಷಕ್ಕೆ ಕಣ್ಣು ತುಂಬಿತು.

"ಹೋಗ್ತೀನಿ," ಅಂದೆ. "ಸುಸ್ತಾಗಿದೆ ಕಣ್ರೀ. ನೀವು ಎಷ್ಟು ಚೆನ್ನಾಗಿ ಹೇಳಿದ್ರೂ ಈ ಮೊಣಕಾಲು ಇನ್ನು ಗುಡ್ಡ ಹತ್ತಲ್ಲ."

ಅವರ ಮುಖ ಪೆಚ್ಚಾಯಿತು. ಕನ್ನಡಕವನ್ನು ನಾನೇ ಅವರ ಮೂಗಿನ ಮೇಲೆ ಕೂರಿಸಿದೆ.

"ಹೋದ್ರೆ ಇಷ್ಟವಿಲ್ಲ ಅಂತ ಅಲ್ಲ. ಮತ್ತೆ ನೀವೇ ಏನೋ ಅಂದ್ಕೊಂಡು ಸುಮ್ಮನೆ ಕೂತ್ಕೋಬೇಡಿ. ನನಗೂ ನೀವಂದ್ರೆ ಇಷ್ಟ."

"ಹಾಗಾದ್ರೆ ಈಗ ನಾನೇನು ಮಾಡಲಿ?"

"ಭಾನುವಾರ ನಮ್ಮನೆಗೆ ಬನ್ನಿ. ಅಮ್ಮನ ಹತ್ರ ನೀವೇ ಮಾತಾಡಬೇಕು. ಮಾಮ, ಅಕ್ಕ ಯಾರ ಕೈಲೂ ಹೇಳಿ ಕಳಿಸೋ ಹಾಗಿಲ್ಲ. ಅಮ್ಮನಿಗೆ ಕಿವಿ ಮಂದ, ಜೋರಾಗಿ ಹೇಳಿ."

"ಬೀದಿಗೆಲ್ಲ ಕೇಳಿಸುತ್ತಲ್ಲ!"

"ಕೇಳಿಸಲಿ."

ಅವರು ನನ್ನ ಬ್ಯಾಟರಿ ಚೀಲವನ್ನು ತಮ್ಮ ಹೆಗಲಿಗೆ ಏರಿಸಿಕೊಂಡು ಕೈ ಚಾಚಿದರು. ಇಷ್ಟು ವರ್ಷ ಆ ಗುಡ್ಡವನ್ನು ಕಲ್ಲು, ಬೇರು ಹಿಡಿದು ಒಬ್ಬಳೇ ಇಳಿದಿದ್ದೆ. ಅವತ್ತು ಮೈಭಾರವನ್ನೆಲ್ಲ ಅವರ ಮೇಲೆ ಹಾಕಿ, ಮೆಲ್ಲಗೆ, ಕೂತು ಕೂತು ಇಳಿದೆ.