ಎಡಗಾಲಿನ ಗೆರೆ

ನನ್ನ ಬಲಗಾಲಿಗೆ ತಗುಲಿದ್ದ ಸೋಂಕು ಇಳಿಯುತ್ತಿದ್ದ ದಿನಗಳವು. ಕೆಂಪು ಹರಡಿದ್ದ ಅಂಚಿನುದ್ದಕ್ಕೂ ವೈದ್ಯರು ನೀಲಿ ಶಾಯಿಯ ಗೆರೆಯೆಳೆದು, "ಕೆಂಪು ಇದನ್ನ ದಾಟಿದ್ರೆ ಕಾಲು ಉಳಿಸೋದು ಕಷ್ಟ" ಎಂದು ಎಚ್ಚರಿಸಿಯೇ ಪ್ರಯಾಣಕ್ಕೆ ಒಪ್ಪಿದ್ದರು.

ಮಗಳು ತನ್ನ ಮನೆಗೆ ಕರೆದೊಯ್ಯುತ್ತ ಕಾರು ಓಡಿಸುತ್ತಿದ್ದಳು. ಹಿಂದಿನ ಸೀಟಿನಲ್ಲಿ ನಾನೊಬ್ಬನೇ ಕಾಲು ಚಾಚಿ ಒರಗಿದ್ದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ, ಎಡಗಾಲಿನ ಸುತ್ತ ತಣ್ಣನೆಯದೇನೋ ನಿಧಾನವಾಗಿ ಹರಿದಂತಾಯಿತು. ಕಾಲಿಟ್ಟಿದ್ದ ಸೀಟಿಗೆ ಬೆಲ್ಟ್ ಹಾಕಿಲ್ಲವೆಂದು ಕಾರು ಕೂಗತೊಡಗಿತು.

"ನಿಮ್ಮ ಕಾಲಿಗೂ ಬೆಲ್ಟ್ ಬೇಕಂತೆ, ಅಪ್ಪ" ಎಂದು ಮಗಳು ನಕ್ಕಳು.

ಕಾಲುಗಳನ್ನೆತ್ತಿ ಹಿಡಿದೆ. ಸೀಟು ಖಾಲಿಯಾದರೂ ಕೂಗು ನಿಲ್ಲಲಿಲ್ಲ.

ಪೆಟ್ರೋಲ್ ಬಂಕಿನಲ್ಲಿ ಅವಳು ಬಂದು ನೋಡಿದಳು. ಬಲಗಾಲಿನಲ್ಲಿ ಕೆಂಪು ಆ ನೀಲಿ ಗೆರೆಯ ಒಳಗೇ ಇತ್ತು. ಎಡಗಾಲಿನಲ್ಲಿ, ಮೊಣಕಾಲಿನ ಕೆಳಗೆ, ಅಂಥದೇ ಇನ್ನೊಂದು ನೀಲಿ ಗೆರೆ ಸುತ್ತಿತ್ತು.

"ಈ ವಯಸ್ಸಲ್ಲಿ ಇದೇನು ಹುಡುಗಾಟ?"

"ನನ್ನ ಹತ್ರ ಪೆನ್ನೆಲ್ಲಿದೆಯಮ್ಮ?"

ಅವಳು ವೇಲಿನಿಂದ ಉಜ್ಜಿದಳು. ಬಟ್ಟೆಗೆ ಶಾಯಿ ಹತ್ತಿತು, ಗೆರೆ ಅಳಿಯಲಿಲ್ಲ.

ಬಲಗಾಲು ಈಗ ಪೂರ್ತಿ ವಾಸಿಯಾಗಿದೆ. ಎಡಗಾಲಿನಲ್ಲಿ ವೈದ್ಯರಿಗೆ ಯಾವ ದೋಷವೂ ಕಾಣಲಿಲ್ಲ. ಆದರೆ ಪ್ರತಿ ಬೆಳಗ್ಗೆ ಆ ಗೆರೆಯ ಶಾಯಿ ಹಸಿಯಾಗಿರುತ್ತದೆ. ಅದರಿಂದ ಕೆಳಗೆ ಮಗಳು ಮುಟ್ಟಿದರೆ ನನಗೆ ತಿಳಿಯುವುದಿಲ್ಲ.